ಆರ್ಕಿಡ್ ಬೇರು ಮತ್ತು ಭೀಮಶಾನ ಕೈಗುಣ

ಸರಕಾರಿ ತೋಟದ ಕೆಲಸಕ್ಕೆ ಹೊಸದಾಗಿ ಸೇರಿದ ತರುಣರು ಒಮ್ಮೊಮ್ಮೆ ನನ್ನ ಮನೆಗೆ ಬಂದು ಕೂಡುತ್ತಾರೆ. ಗುಲಾಬಿಗೆ ಕಸಿ ಕಟ್ಟುವುದು ಹೇಗೆ, ಮಾವಿಗೆ ಯಾವ ತಿಂಗಳು ಗೊಬ್ಬರ ಕೊಡಬೇಕು, ಸಾಹೇಬರು ತಪಾಸಣೆಗೆ ಬಂದಾಗ ಎಲ್ಲಿ ನಿಲ್ಲಬೇಕು ಎಂದೆಲ್ಲ ಕೇಳುತ್ತಾರೆ. ನೀವು ಎಷ್ಟು ಗಿಡ ಕೊಂದಿದ್ದೀರಿ ಎಂದು ಈವರೆಗೆ ಒಬ್ಬನೂ ಕೇಳಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ. ನಾನು ಲೆಕ್ಕವಿಲ್ಲದಷ್ಟು ಗಿಡಗಳನ್ನು ಕೊಂದಿದ್ದೇನೆ. ಅವುಗಳಲ್ಲಿ ಹದಿನೆಂಟು ಆರ್ಕಿಡ್ ಗಿಡಗಳನ್ನು ನಾನು ಗೊತ್ತಿದ್ದೂ ಕೊಂದೆ. ಅವುಗಳ ಜೊತೆಗೆ ಒಬ್ಬ ಮನುಷ್ಯನ ಹೆಸರನ್ನೂ ಕೆಡಿಸಿದೆ. ಇದನ್ನು ಬರೆಯದೆ ಕಸಿಯ ಮಾತು ಹೇಳುವ ಹಕ್ಕು ನನಗಿಲ್ಲ.

ನಾನು ಹೈಸ್ಕೂಲು ಮುಗಿಸಿ ಕಲಬುರಗಿಯ ಒಂದು ದೊಡ್ಡ ಬಂಗಲೆಯ ತೋಟಕ್ಕೆ ದಾರೋಗಾ ಆಗಿ ಸೇರಿದೆ. ಬಂಗಲೆಯಲ್ಲಿದ್ದ ಸಾಹೇಬರ ಹುದ್ದೆ, ಹೆಸರು ಇಲ್ಲಿ ಬೇಡ. ದಾರೋಗಾ ಎಂದರೆ ಮಾಲಿಗಳ ಮೇಲೆ ನಿಂತು ಕೆಲಸ ಮಾಡಿಸುವವನು. ನನಗೆ ಆ ಕೆಲಸ ಸಿಕ್ಕದ್ದು ಗಿಡ ಗೊತ್ತಿದ್ದುದರಿಂದ ಅಲ್ಲ, ಉರ್ದುವಿನಲ್ಲಿ ದುಂಡಾಗಿ ಅರ್ಜಿ ಬರೆಯಲು ಬರುತ್ತಿದ್ದುದರಿಂದ. ಜೊತೆಗೆ ಸ್ವಲ್ಪ ಇಂಗ್ಲಿಷ್ ಓದುತ್ತಿದ್ದೆ. ಸೇರಿದ ಮೊದಲ ವಾರ ಈರುಳ್ಳಿಯೆಂದು ತಿಳಿದು ಲಿಲ್ಲಿ ಹೂವಿನ ಗಡ್ಡೆಗಳನ್ನು ಬುಟ್ಟಿ ತುಂಬಿಸಿ ಅಡುಗೆಮನೆಗೆ ಕಳಿಸಿದವನು ನಾನು. ಅಡುಗೆಯ ಖಾನ್‌ಸಾಮಾ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ವಾಪಸು ಬಂದು, "ದಾರೋಗಾ ಸಾಬ್, ಸಾಹೇಬ್ರಿಗೆ ಹೂವಿನ ಸಾರ ಮಾಡ್ಲೇನ್ರೀ?" ಎಂದು ಎಲ್ಲರೆದುರು ಕೇಳಿದ.

ನಮ್ಮ ಮೇಲೆ ಒಬ್ಬ ಮೊಹತಮಿಮ್ ಸಾಹೇಬರಿದ್ದರು. ಊರಿನ ನಾಲ್ಕಾರು ಬಂಗಲೆಗಳ ತೋಟಗಳಿಗೆಲ್ಲ ಅವರೇ ಮೇಲ್ವಿಚಾರಕರು. ಕೆಟ್ಟ ಮನುಷ್ಯರಲ್ಲ, ಹಬ್ಬಕ್ಕೆ ಎಲ್ಲ ಮಾಲಿಗಳಿಗೂ ಶಾವಿಗೆ ಕಳಿಸುತ್ತಿದ್ದರು. ಆದರೆ ಅವರ ತಪಾಸಣೆ ನೆನೆಸಿಕೊಂಡರೆ ಈಗಲೂ ನನಗೆ ತಲೆ ಬಿಸಿಯಾಗುತ್ತದೆ. ಕಿಸೆಯಿಂದ ಒಂದು ದಾರ ತೆಗೆದು ಕುಂಡಗಳ ಸಾಲು ನೆಟ್ಟಗಿದೆಯೇ ಎಂದು ಹಿಡಿದು ನೋಡುವುದು, ಒಣ ಎಲೆ ಕಂಡರೆ ಬೈಯುವುದು, ಇಷ್ಟೇ ಅವರ ತೋಟಗಾರಿಕೆ. ಅವರು ಬರುವ ದಿನ ಬೆಳಿಗ್ಗೆ ನಾವು ಹಳದಿ ಎಲೆಗಳನ್ನೆಲ್ಲ ಕಿತ್ತು ಗುಂಡಿಗೆ ಹಾಕುತ್ತಿದ್ದೆವು. ಕೆಲವು ಗಿಡಗಳಿಗೆ ನಾಲ್ಕೇ ಎಲೆ ಉಳಿಯುತ್ತಿದ್ದವು. ಹಸಿರು ಇದ್ದುದರಿಂದ ಸಾಹೇಬರು ಖುಷಿ. ನೆಲದ ಕೆಳಗೆ ಏನಾಗಿದೆ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಬಂಗಲೆಗೆ ಆರ್ಕಿಡ್ ಗಿಡಗಳು ಬಂದವು. ಬಂಗಲೆಯ ಸಾಹೇಬರ ಮಡದಿ ಬೇಗಂ ಸಾಹೇಬಾ ಅವರು ಹೈದರಾಬಾದಿನಲ್ಲಿ ಯಾರದೋ ಮನೆಯ ಗಾಜಿನ ಕೋಣೆಯಲ್ಲಿ ಅವನ್ನು ನೋಡಿ, ತಮಗೂ ಬೇಕೆಂದು ಮೂಡಣ ಗುಡ್ಡಗಾಡಿನಿಂದ ತರಿಸಿದ್ದರು. ಇಪ್ಪತ್ತನಾಲ್ಕು ಗಿಡ. ಬಿದಿರಿನ ಪೆಟ್ಟಿಗೆಗಳಲ್ಲಿ ಒದ್ದೆ ಪಾಚಿ ಸುತ್ತಿಕೊಂಡು ಎಷ್ಟೋ ದಿನ ರೈಲಿನಲ್ಲಿ ಬಂದಿದ್ದವು. ಸ್ಟೇಷನ್ನಿನಿಂದ ಗಾಡಿಯಲ್ಲಿ ತರುವಾಗ ನನ್ನ ಜೊತೆ ಭೀಮಶಾ ಇದ್ದ.

ಭೀಮಶಾ ಕಮಲಾಪುರದವನು. ಅಲ್ಲಿಯ ಕೆಂಪು ಬಾಳೆಯ ತೋಟಗಳಲ್ಲಿ ಬೆಳೆದವನು. ಸ್ವಂತ ತೋಟವಿಲ್ಲ, ಆದರೆ ಕಮಲಾಪುರದಲ್ಲಿ ಯಾರೇ ಹೊಸ ತೋಟ ಹಾಕಲಿ, ಮೊದಲ ಕಂದನ್ನು ಅವನ ಕೈಯಿಂದಲೇ ನೆಡಿಸುತ್ತಿದ್ದರು. ಕಂದು ಎಂದರೆ ಬಾಳೆಯ ಬುಡದಲ್ಲಿ ಏಳುವ ಮರಿ. ಅವನ ಕೈಗುಣ ಒಳ್ಳೆಯದು, ಅವನು ಇಟ್ಟರೆ ತೋಟವೆಲ್ಲ ಹಿಡಿಯುತ್ತದೆ ಎಂಬ ಮಾತಿತ್ತು. ಆ ದಿನ ಅವನಿಗೆ ಹೊಸ ಧೋತರ, ಹೋಳಿಗೆ ಊಟ. ಬಂಗಲೆಯಲ್ಲಿ ಅವನು ಇನ್ನೂ ಹಂಗಾಮಿ ಮಾಲಿ.

ಗಾಡಿಯಲ್ಲಿ ಅವನು ಪೆಟ್ಟಿಗೆಯ ಸಂದಿಯಿಂದ ಒಂದು ಗಿಡವನ್ನು ನೋಡಿ ಕೇಳಿದ: "ದಾರೋಗಾ ಸಾಹೇಬ್ರ, ಇದು ಬದನಿಕಿ ಅಲ್ಲೇನ್ರೀ? ನಮ್ಮ ಕಡಿ ಮಾವಿನ ಗಿಡದ ಮ್ಯಾಲ ಹುಟ್ತದಲ್ಲ, ಹಂಗೇ ಅದ."

"ಬದನಿಕಿ ಅಂದೀಯಂತ ಬೇಗಂ ಸಾಹೇಬಾಗ ಗೊತ್ತಾದ್ರ ನಿನ್ನ ಚರ್ಮ ಸುಲಸ್ತಾರ," ಎಂದೆ. ಬದನಿಕಿ ಎಂದರೆ ಬಂದಳಿಕೆ, ಮರವನ್ನು ಹೀರಿ ಬದುಕುವ ಕಳೆ.

"ಹಂಗಲ್ಲರೀ. ಗಿಡದ ಮ್ಯಾಲ ಇರೂದಕ್ಕ ನೀರ ಹಾಕವ್ರು ಯಾರು? ಗಾಳಿ ಮ್ಯಾಲೇ ಬದಕ್ತದ."

ಅವನು ಗಾಡಿಯಲ್ಲಿ ಕೂತು ಹೇಳಿದ ಈ ಮಾತೇ ಪೆಟ್ಟಿಗೆಯೊಳಗೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಪೆಟ್ಟಿಗೆ ಬಿಚ್ಚಿದಾಗ ಒಂದು ಕಾಗದ ಸಿಕ್ಕಿತು. ನಾನೊಬ್ಬನೇ ಅದನ್ನು ಓದಬಲ್ಲವನು. ಗಿಡ ತಲುಪಿದ ಕೂಡಲೇ ಪಾಚಿ ತೆಗೆಯಿರಿ, ಕೊಳೆತ ಬೇರು ಕತ್ತರಿಸಿರಿ, ಮಣ್ಣಿನಲ್ಲಿ ನೆಡಬೇಡಿರಿ, ಹೊಸ ಬೇರು ಕಾಣುವವರೆಗೆ ನೀರು ಬಹಳ ಕಡಿಮೆ ಇರಲಿ ಎಂದು ಅದರಲ್ಲಿತ್ತು. ನಾನು ಅದನ್ನು ಎರಡು ಸಲ ಓದಿದೆ.

ಅಷ್ಟರಲ್ಲಿ ಮೊಹತಮಿಮ್ ಸಾಹೇಬರು ಬಂದು ಹುಕುಂ ಕೊಟ್ಟಾಗಿತ್ತು. ಗುಲಾಬಿಯ ಹಾಗೆ ಎರೆಮಣ್ಣು, ಗೊಬ್ಬರ ಹಾಕಿ ಕುಂಡದಲ್ಲಿಡಿ, ದಿನಕ್ಕೆ ಎರಡು ಸಲ ನೀರು, ಪ್ರತಿ ಸಲವೂ ರಿಜಿಸ್ಟರಿನಲ್ಲಿ ದಾರೋಗಾನ ಸಹಿ. ನಾನು ಮೆಲ್ಲಗೆ, "ಸಾಹೇಬ್, ಪೆಟಗಿ ಒಳಗ ಒಂದು ಕಾಗದ ಬಂದದ..." ಎಂದೆ.

"ಅರೆ ಮಿಯಾ, ಕಾಗದ ಗಿಡಾ ಬೆಳಸ್ತದೇನು? ಅದನ್ನ ಬರದವ ಕಲಬುರಗಿ ಬಿಸಲು ನೋಡ್ಯಾನೇನು?" ಎಂದು ಅವರು ತಮ್ಮ ದಾರ ಹಿಡಿದು ಕುಂಡಗಳ ಜಾಗ ಅಳೆಯತೊಡಗಿದರು. ನಾನು ಕಾಗದವನ್ನು ಮಡಚಿ ಶೇರ್ವಾನಿಯ ಕಿಸೆಯಲ್ಲಿಟ್ಟೆ. ಇನ್ನೊಂದು ಮಾತು ಆಡಿದ್ದರೆ ಅವರು ಬಹುಶಃ ಕೇಳುತ್ತಿದ್ದರು. ನಾನು ಆಡಲಿಲ್ಲ. ಮೇಲಿನವರ ಎದುರು ಒಂದು ಸಲ ಹೇಳಿ ಸುಮ್ಮನಾಗುವುದನ್ನು ನಾವು ವಿನಯ ಎಂದು ಕರೆಯುತ್ತಿದ್ದೆವು.

ಹತ್ತು ದಿನದಲ್ಲಿ ಎಲೆಗಳು ಜೋತುಬಿದ್ದವು. ಜೋತ ಎಲೆ ಕಂಡರೆ ನಮ್ಮ ಊರಿನ ಮನುಷ್ಯನಿಗೆ ಹೊಳೆಯುವುದು ಒಂದೇ, ಬಾಯಾರಿಕೆ. ಬೇಸಿಗೆಯಲ್ಲಿ ದಾರಿಹೋಕನಿಗೆ ಅರವಟಿಗೆ ಇಟ್ಟು ನೀರು ಕುಡಿಸುವ ಊರು ನಮ್ಮದು. ಹುಕುಂ ದಿನಕ್ಕೆ ಮೂರು ಸಲಕ್ಕೇರಿತು. ಆ ಮೂರು ಸಲದ ಲೆಕ್ಕಕ್ಕೂ ಮೀರಿ ಕುಂಡದ ಕೆಳಗೆ ಯಾವಾಗಲೂ ಕೆಸರು. ಇಷ್ಟೊಂದು ನೀರು ಎಲ್ಲಿಂದ ಬರುತ್ತಿದೆ ಎಂದು ನಾನು ಒಂದು ಮಧ್ಯಾಹ್ನ ಕಂಬದ ಮರೆಯಲ್ಲಿ ಕೂತು ನೋಡಿದೆ.

ಮೊದಲು ಚರ್ಮದ ಮಶಕದಲ್ಲಿ ನೀರು ಹೊರುವ ಭಿಸ್ತಿ ಮದಾರ್ ಸಾಬ ಬಂದು ಎಲ್ಲ ಕುಂಡಗಳಿಗೂ ಸುರಿದ. ಆಮೇಲೆ ಖಾನ್‌ಸಾಮಾ ಅಕ್ಕಿ ತೊಳೆದ ನೀರು ತಂದ. ಮಕ್ಕಳ ಆಯಾ ಒಂದು ಲೋಟ. ಬಾಗಿಲ ಜವಾನ ತಾನು ಕುಡಿದು ಉಳಿದದ್ದನ್ನು ಹಾಕಿ, ಎಲೆಯ ಮೇಲೆ ಕೈಯಾಡಿಸಿ ಹೋದ. ನಾನು ಎದ್ದು ನಿಂತು ಕೂಗಾಡಿದೆ.

ಮದಾರ್ ಸಾಬನಿಗೆ ಬೇಜಾರಾಯಿತು. "ಹಿಂಗ್ಯಾಕ ಒದರ್ತೀರಿ ಸಾಬ್? ಪಾಪ, ಥಂಡಿ ದೇಶದಿಂದ ಬಂದಾವ. ನಮ್ಮ ಊರಿಗಿ ಬಂದ ಮೆಹಮಾನ್ ಅಲ್ಲೇನು? ಇಷ್ಟ ವರ್ಷ ನೀರ ಹೊತ್ತೀನಿ, ನೀರ ಕುಡದು ಸತ್ತವರ್ನ ನಾ ಒಬ್ಬರ್ನೂ ಕಂಡಿಲ್ಲ."

"ಈಗ ಕಾಣ್ತೀ," ಎಂದ ಭೀಮಶಾ. ಅವನು ಒಂದು ಕುಂಡವನ್ನು ಬಗ್ಗಿಸಿ ಗಿಡವನ್ನು ಹೊರಗೆ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. "ಮೂಸಿ ನೋಡ್ರಿ."

ಹಳೆಯ ಬಾವಿಯ ರಾಡಿಯ ವಾಸನೆ. ಬಿಳಿಯಾಗಿ, ಗಟ್ಟಿಯಾಗಿ ಇರಬೇಕಾದ ಬೇರುಗಳು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದವು. ಭೀಮಶಾ ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಬಂದು ಒಳಗಿನ ದಾರ ಮಾತ್ರ ಉಳಿಯಿತು. "ಬೇರಿಲ್ಲ, ಅದಕ್ಕ ಎಲಿಗಿ ನೀರ ಏರವಲ್ದು. ನಾವು ಎಲಿ ನೋಡಿ ಮತ್ತ ಬುಡಕ್ಕ ಸುರೀಲಾಕತ್ತೀವಿ. ಬಾಳಿ ಕಂದಿಗೂ ಹಿಂಗೇ ಆಗ್ತದ್ರೀ. ಕೊಳತದ್ದು ಕೊಯ್ದು, ಬೂದಿ ಹಚ್ಚಿ, ನೆರಳಾಗ ಒಣಾ ಇಡ್ತೀವಿ. ಉಪಾಸ ಕೆಡವಿದ ಮ್ಯಾಲೇ ಅದು ಬೇರ ಬಿಡ್ತದ. ಒಂದ ಆರು ಗಿಡಾ ನನ್ನ ಕೈಯಾಗ ಕೊಡ್ರಿ, ನೋಡಾಮು."

ಕಿಸೆಯಲ್ಲಿದ್ದ ಕಾಗದ ಹೇಳಿದ್ದೂ ಅದನ್ನೇ. ನಾನು ಅತ್ತಿತ್ತ ನೋಡಿ, "ಮಾಡು. ಯಾರಿಗೂ ಹೇಳಬ್ಯಾಡ," ಎಂದೆ.

ಭೀಮಶಾ ಚಾಕುವನ್ನು ಬೆಂಕಿಯಲ್ಲಿ ಕಾಯಿಸಿ, ಆರಿಸಿ, ಬಿಳಿ ಕಾಣುವವರೆಗೆ ಬೇರು ಕೊಯ್ದ. ಗಾಯಕ್ಕೆ ಇದ್ದಿಲ ಪುಡಿ ಒತ್ತಿದ. ಬೇವಿನ ತೊಗಟೆಯ ಚೂರುಗಳಿಗೆ ಬಾಳೆಯ ನಾರಿನಿಂದ ಆರು ಗಿಡಗಳನ್ನೂ ಕಟ್ಟಿ, ಬಾವಿಯ ಹಿಂದಿನ ಬೇವಿನ ಮರದ ನೆರಳಲ್ಲಿ ತೂಗುಹಾಕಿದ. ನೋಡಲು ಅವು ಸತ್ತ ಕಾಗೆಗಳ ಹಾಗೆ ಕಾಣುತ್ತಿದ್ದವು, ನಿಜ.

ಉಳಿದ ಹದಿನೆಂಟಕ್ಕೆ ನಾನು ದಿನಕ್ಕೆ ಮೂರು ಸಲ ನೀರು ಹಾಕಿಸಿ ಮೂರು ಸಲ ಸಹಿ ಮಾಡುತ್ತಾ ಹೋದೆ.

ಬೇಗಂ ಸಾಹೇಬಾ ಅವರ ನೆಂಟರು ಬರುವುದಕ್ಕೆ ಎರಡು ದಿನ ಮೊದಲು ಮೊಹತಮಿಮ್ ಸಾಹೇಬರು ಬಂದರು. ಕುಂಡಗಳಲ್ಲಿ ಗಿಡಗಳೆಲ್ಲ ಒಂದೊಂದಾಗಿ ಬುಡ ಕರಗಿ ಮಗ್ಗುಲಾಗಿದ್ದವು. ಅವರು ಬಾವಿಯ ಹಿಂದೆ ಹೋಗಿ ಬೇವಿನ ಮರ ನೋಡಿದರು.

"ಯೇ ಕ್ಯಾ ತಮಾಶಾ ಹೈ? ಬೇಗಂ ಸಾಹೇಬಾ ಅವರ ಗಿಡಾ ಫಾಶಿಗಿ ಹಾಕ್ಯಾರೇನು? ಯಾರ ಕೆಲಸ ಇದು?"

"ನಂದ್ರೀ," ಎಂದ ಭೀಮಶಾ.

"ಯಾರು ಹೇಳಿದ್ರು?"

ಭೀಮಶಾ ನನ್ನ ಕಡೆ ನೋಡಿದ. ನಾನೇ ಹೇಳಲಿ ಎಂದು ಮರ್ಯಾದೆಗೆ ಕಾದು ನಿಂತಿದ್ದ. ನಾನು ಕೈಯಲ್ಲಿದ್ದ ರಿಜಿಸ್ಟರನ್ನು ತೆರೆದು ಮುಂದೆ ಹಿಡಿದೆ. "ನನಗ ಗೊತ್ತಿಲ್ಲ ಸಾಹೇಬ್. ಹುಕುಂ ಪ್ರಕಾರ ನೀರ ಹಾಕ್ರಿ ಅಂತ ದಿನಾ ಹೇಳೀನಿ. ನನ್ನ ಸಹಿ ನೋಡ್ರಿ," ಎಂದೆ.

ಆ ಸಂಜೆಯೇ ವರದಿ ಬರೆದೆ. ಮಾಲಿ ಭೀಮಶಾ ನನಗೆ ತಿಳಿಯದಂತೆ ಹುಕುಂ ಮೀರಿ ಎಲ್ಲ ಗಿಡಗಳಿಗೂ ನೀರು ತಪ್ಪಿಸಿದ, ನೀರಿಲ್ಲದೆ ಗಿಡಗಳು ಸತ್ತವು ಎಂದು. ಆ ವರದಿಯ ಉರ್ದು ಚೆನ್ನಾಗಿತ್ತು. ಹೈಸ್ಕೂಲಿನ ನಮ್ಮ ಮೌಲ್ವಿಗಳು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಅದರಲ್ಲಿ ಒಂದು ವಾಕ್ಯವೂ ನಿಜವಲ್ಲ. ಪೆಟ್ಟಿಗೆಯ ಕಾಗದವನ್ನು ಒಲೆಗೆ ಹಾಕಿದೆ.

ಭೀಮಶಾನನ್ನು ತೆಗೆದುಹಾಕಿದರು. ಕಂಬಳಿ ಮಡಚಿ ಹೆಗಲ ಮೇಲೆ ಹಾಕಿಕೊಂಡು ಹೊರಟವನು ಗೇಟಿನ ಹತ್ತಿರ ನಿಂತ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ಆ ಆರಕ್ಕ ಬೇರ ಬರೂ ತನಕ ನೀರ ಮುಟ್ಟಸಬ್ಯಾಡ್ರಿ. ಮುಂಜಾನಿ ಥಂಡಿ ಗಾಳಿ ಸಾಕು," ಎಂದು ಹೇಳಿ ಹೋದ.

ಹದಿನೆಂಟು ಗಿಡಗಳನ್ನು ಗುಂಡಿಗೆ ಹಾಕಿದೆವು. ಆ ಆರನ್ನೂ ಬಿಸಾಡಲು ಹುಕುಂ ಆಗಿತ್ತು. ನಾನು ಬಿಸಾಡದೆ ಇನ್ನೂ ಮೇಲಿನ ಕೊಂಬೆಗೆ ಕಟ್ಟಿಸಿದೆ. ಮಳೆಗಾಲದ ಗಾಳಿ ತಿರುಗಿದಾಗ ಅವುಗಳಿಂದ ಹಸಿರು ತುದಿಯ ಬಿಳಿ ಬೇರುಗಳು ಹೊರಟು ತೊಗಟೆಯನ್ನು ಅಪ್ಪಿ ಹಿಡಿದವು. ಮುಂದಿನ ವರ್ಷ ನಾಲ್ಕು ಗಿಡ ಹೂ ಬಿಟ್ಟವು. ಬೇಗಂ ಸಾಹೇಬಾ ಅವರು ಪರದೆಯ ಹಿಂದಿನಿಂದ ಶಾಬಾಸ್ ಹೇಳಿ ಕಳಿಸಿದರು. ಮೊಹತಮಿಮ್ ಸಾಹೇಬರು ನಾಲ್ಕು ಜನರೆದುರು, "ನಮ್ಮ ದಾರೋಗಾ ಆರು ಗಿಡಾ ಉಳಸ್ಯಾನ," ಎಂದರು. ನಾನು ಬಗ್ಗಿ ಸಲಾಮು ಮಾಡಿದೆ.

ಆಮೇಲೆ ಬಂದ ಆರ್ಕಿಡ್‌ಗಳಿಗೆಲ್ಲ ನಾನು ಭೀಮಶಾನ ರೀತಿಯನ್ನೇ ಅನುಸರಿಸಿದೆ. ತರುಣರೇ, ನೀವೂ ಹಾಗೇ ಮಾಡಿರಿ. ಹೊಸ ಗಿಡ ಬಂದ ದಿನವೇ ಪಾಚಿ ಬಿಚ್ಚಿ ಬೇರು ಮುಟ್ಟಿ ನೋಡಿರಿ. ಗಟ್ಟಿ ಇದ್ದರೆ ಬಿಡಿ, ಮೆತ್ತಗಿದ್ದರೆ ಕೊಯ್ಯಿರಿ. ಇದ್ದಿಲು, ಇಟ್ಟಿಗೆ ಚೂರು ಹಾಕಿರಿ. ಎರೆಮಣ್ಣು ಬೇಡವೇ ಬೇಡ. ನಾನು ಪಕ್ಕಕ್ಕೆಲ್ಲ ತೂತು ಇರುವ ಕುಂಡ ಮಾಡಿಸಲು ಕುಂಬಾರನ ಹತ್ತಿರ ಹೋದಾಗ ಅವನು ಚಕ್ರ ನಿಲ್ಲಿಸಿ, "ತೂತಿನ ಗಡಗಿ ಸುಡಗಾಡಿಗಿ ಒಯ್ಯೂದ್ರೀ. ಬಂಗಲೇದಾಗ ಯಾರು ಸತ್ತಾರ?" ಎಂದು ಕೇಳಿದ. ಅವನನ್ನು ಒಪ್ಪಿಸಲು ಮೂರು ಸಲ ತಿರುಗಬೇಕಾಯಿತು. ಅಷ್ಟು ಛಲವನ್ನು ಮೊಹತಮಿಮ್ ಸಾಹೇಬರ ಎದುರು ತೋರಿಸಿದ್ದರೆ ಈ ಬರಹವೇ ಬೇಕಿರಲಿಲ್ಲ.

ಕೆಲವು ವರ್ಷಗಳ ಮೇಲೆ ಬಾಳೆ ಕಂದು ತರಲು ಕಮಲಾಪುರಕ್ಕೆ ಹೋದೆ. ಒಂದು ತೋಟದಲ್ಲಿ ನಾಟಿ ನಡೆದಿತ್ತು. ಬದುವಿನ ಮೇಲೆ ಭೀಮಶಾ ಗೊಬ್ಬರದ ಬುಟ್ಟಿ ಹೊರುತ್ತಿದ್ದ. ನೆಡುತ್ತಿದ್ದವರು ಬೇರೆಯವರು. ತೋಟದ ಆಳೊಬ್ಬನನ್ನು, ಭೀಮಶಾ ಯಾಕೆ ನೆಡುತ್ತಿಲ್ಲ ಎಂದು ಏನೂ ಗೊತ್ತಿಲ್ಲದವನಂತೆ ಕೇಳಿದೆ.

"ಅವನ ಕೈಗುಣ ಹೋಗ್ಯಾದ್ರೀ. ಕಲಬುರಗ್ಯಾಗ ಸರಕಾರದ ಗಿಡಾ ನೀರಿಲ್ದ ಕೊಂದು ಬಂದಾನ. ಬರದು ಹಾಕ್ಯಾರಂತ. ಅಂಥವನ ಕೈಲಿಂದ ಯಾರು ಕಂದ ಇಡಸ್ತಾರ?"

ನೌಕರಿ ಹೋದರೆ ಇನ್ನೊಂದು ಸಿಕ್ಕೀತು ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ನನ್ನ ವರದಿ ಅವನ ಊರಿನ ತನಕ ನಡೆದು ಹೋಗಿ ಅವನ ಕೈಯನ್ನೇ ಕಿತ್ತುಕೊಂಡಿದೆ ಎಂದು ಅಂದು ತಿಳಿಯಿತು. ಆ ಆಳಿಗೆ ಅಲ್ಲೇ ಒಂದು ಮಾತು ಹೇಳಬಹುದಿತ್ತು. ನಾನು ಇನ್ನೂ ನೌಕರಿಯಲ್ಲಿದ್ದೆ. ಕಂದು ತುಂಬಿದ ಗಾಡಿಯ ಆ ಮಗ್ಗುಲಿಗೆ ಸರಿದು, ಭೀಮಶಾನಿಗೆ ಕಾಣದ ಹಾಗೆ ಕೂತು, ಕಲಬುರಗಿಗೆ ಮರಳಿದೆ. ವರದಿಗಿಂತ ಇದೇ ದೊಡ್ಡ ತಪ್ಪು ಎಂದು ನನಗೆ ಈಗ ಅನಿಸುತ್ತದೆ. ವರದಿಯನ್ನು ಹೆದರಿ ಬರೆದೆ. ಅಂದು ಗಾಡಿಯ ಮರೆಗೆ ಸರಿದದ್ದು ಮಾತ್ರ ಯೋಚನೆ ಮಾಡಿಯೇ.

ನಿವೃತ್ತನಾದ ಮೇಲೆ ಮೊದಲ ನಾಟಿಯ ಕಾಲ ನೋಡಿಕೊಂಡು ಸರ್ವೀಸ್ ಮೋಟಾರು ಹತ್ತಿ ಕಮಲಾಪುರಕ್ಕೆ ಹೋದೆ. ಭೀಮಶಾನ ಮನೆ ಹುಡುಕಿದೆ. ಅವನು ಅಂಗಳದಲ್ಲಿ ಬಾಳೆಯ ನಾರು ಬಿಡಿಸುತ್ತಿದ್ದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದ.

"ಬರ್ರಿ ದಾರೋಗಾ ಸಾಹೇಬ್ರ. ಆ ಆರು ಬದಕಿದ್ವೇನ್ರೀ?"

ಅದೇ ಅವನ ಮೊದಲ ಮಾತು. ಬದುಕಿದವು, ಹೂ ಬಿಟ್ಟವು, ಹೆಸರು ನಾನು ತಗೊಂಡೆ ಎಂದು ಹೇಳಿದೆ. ಪೆಟ್ಟಿಗೆಯ ಕಾಗದದ ವಿಷಯವನ್ನೂ ಹೇಳಿದೆ. ಕ್ಷಮಿಸು ಎಂದು ಕೈ ಮುಗಿಯಲು ಹೋದರೆ ಅವನು ತಡೆದ.

"ಇದೆಲ್ಲಾ ನನಗ್ಯಾಕ ಹೇಳ್ತೀರಿ? ನಾ ಕೊಂದಿಲ್ಲ ಅಂತ ನನಗ ಗೊತ್ತೇ ಅದ. ಗೊತ್ತಿಲ್ದವ್ರಿಗಿ ಹೇಳ್ರಿ. ಇವತ್ತ ಗೌಡರ ಹೊಸಾ ತೋಟದಾಗ ಕಂದ ಇಡ್ಲಾಕತ್ತಾರ, ಊರ ಮಂದಿ ಎಲ್ಲಾ ಅಲ್ಲೇ ಅದ. ನಡೀರಿ."

ಮುದುಕನಾದರೂ ಊರ ಮುಂದೆ ಸುಳ್ಳುಗಾರ ಎನಿಸಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಆದರೂ ಹೋದೆ. ತೋಟದಲ್ಲಿ ಮೂವತ್ತು ಜನರಿದ್ದರು. ಗೌಡರು ತೆಂಗಿನಕಾಯಿ ಒಡೆದು, ಮೊದಲ ಕಂದು ನೆಡುವವನಿಗೆ ಕೈ ತೋರಿಸುವುದರಲ್ಲಿದ್ದರು. ನಾನು ರುಮಾಲು ತೆಗೆದು ಕೈಯಲ್ಲಿ ಹಿಡಿದು ಎಲ್ಲವನ್ನೂ ಹೇಳಿದೆ. ಗಿಡ ಸತ್ತದ್ದು ನೀರಿಲ್ಲದೆ ಅಲ್ಲ, ನಾನು ಹಾಕಿಸಿದ ನೀರಿನಿಂದ. ಇವನು ಮುಟ್ಟಿದ ಆರೂ ಬದುಕಿದವು. ಬರೆದ ವರದಿ ನನ್ನ ಸುಳ್ಳು. ಒಬ್ಬ ಮುದುಕಿ, "ಅಯ್ಯ ನಿನ್ನ ಬಾಯಾಗ ಮಣ್ಣ ಬೀಳ್ಲಿ," ಎಂದಳು.

ಗೌಡರು ವಯಸ್ಸಿನಲ್ಲಿ ಚಿಕ್ಕವರು. ರಾಶಿಯಿಂದ ಒಂದು ಕಂದು ಎತ್ತಿ ಹಿಡಿದು, "ಭೀಮಶಾ ಕಾಕಾ, ಬಾ. ಮೊದಲನೇದು ನೀನೇ ಇಡು," ಎಂದರು.

ಭೀಮಶಾ ಕಂದುಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಗೌಡರು ಕೊಟ್ಟ ಕಂದನ್ನು ತಿರುಗಿಸಿ ಬುಡ ಮೂಸಿ, ಬದಿಗಿಟ್ಟ. ಇನ್ನೊಂದು ತೆಗೆದ, ಉಗುರಿನಿಂದ ಕೆರೆದ, ಅದನ್ನೂ ಬದಿಗಿಟ್ಟ. ಮೂರನೆಯದು, ನಾಲ್ಕನೆಯದು. ಬಿಸಿಲು ಏರಿತು. ತಂದ ಊಟದ ಬುಟ್ಟಿಗಳು ಬದುವಿನ ಮೇಲೆ ಹಾಗೇ ಇದ್ದವು. ಪಂಚಾಂಗ ನೋಡಿ ಇಟ್ಟಿದ್ದ ಹೊತ್ತು ಮೀರಿತೆಂದು ಯಾರೋ ಗೌಡರ ಕಿವಿಯಲ್ಲಿ ಹೇಳಿದರು. ಗೌಡರು ಕೈ ಅಡ್ಡ ಮಾಡಿ ಸುಮ್ಮನಾಗಿಸಿದರು. ಯಾರೂ ಅವನನ್ನು ಅವಸರಪಡಿಸಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಕಂದು ಅವನ ಮನಸ್ಸಿಗೆ ಬಂತು. ಎದ್ದು, ಗುಣಿಯ ಹತ್ತಿರ ಹೋಗಿ, ಎರಡೂ ಕೈಯಿಂದ ಅದನ್ನು ಇಳಿಸಿ, ಸುತ್ತ ಮಣ್ಣು ಸರಿಸಿ, ಹಿಮ್ಮಡಿಯಿಂದ ಒತ್ತಿದ.

ಮಂದಿ ಅವನ ಸುತ್ತ ಸೇರಿದರು. ಯಾರೋ ಕೈಗೆ ಹೋಳಿಗೆ ಇಟ್ಟರು. ಅವನು ಮಣ್ಣಿನ ಕೈಯಲ್ಲೇ ಅದನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದ. ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ.

"ನೀವಿನ್ನ ನಡೀರಿ ದಾರೋಗಾ ಸಾಹೇಬ್ರ," ಎಂದ. "ಮೋಟಾರು ತಪ್ತದ. ನಮಗಿನ್ನೂ ಇಡೂದು ಭಾಳ ಅದ."